ಬಂದೂಕಿನ ಅಂಗಡಿಗೆ ಹೋದ ವೀಣೆ

ಅನಂತಪದ್ಮನಾಭ ಅಳೆಯದೆ ಯಾವುದನ್ನೂ ನಂಬಿದವನಲ್ಲ. ಅಮೆರಿಕದ ಸನ್ನಿವೇಲಿನ ಒಂದು ಡಿಸ್ಕ್ ಡ್ರೈವ್ ಕಂಪನಿಯಲ್ಲಿ ಅವನು ಕ್ವಾಲಿಟಿ ಕಂಟ್ರೋಲ್ ಮ್ಯಾನೇಜರು. ತಲೆಗೂದಲಿನ ನೂರನೇ ಒಂದು ಭಾಗದಷ್ಟು ಅಂತರ ತಪ್ಪಿದರೂ ಹಿಡಿದುಬಿಡುವುದು ಅವನ ಉದ್ಯೋಗ. ಆ ಉದ್ಯೋಗವನ್ನು ಅವನು ಸಂಜೆ ಐದಕ್ಕೆ ಆಫೀಸಿನಲ್ಲೇ ಬಿಟ್ಟು ಬರುತ್ತಿದ್ದರೆ ಹೇಳುವಂಥದ್ದು ಏನೂ ನಡೆಯುತ್ತಿರಲಿಲ್ಲ. ಆದರೆ ಅವನು ಅದನ್ನು ಫಾಸ್ಟರ್ ಸಿಟಿಯ ತನ್ನ ಅಪಾರ್ಟ್‌ಮೆಂಟಿಗೂ ತರುತ್ತಿದ್ದ, ದಾರಿಯಲ್ಲಿ ಗ್ರೋಸರಿಗೂ ಒಯ್ಯುತ್ತಿದ್ದ. ಬೆಂಡೆಕಾಯಿಯ ತುದಿ ಮುರಿದು ನೋಡಿ, ನೂರಕ್ಕೆ ಎಷ್ಟು ಬಲಿತಿವೆ ಎಂದು ಅಂಗಡಿಯ ಮ್ಯಾನೇಜರಿಗೆ ಪತ್ರ ಬರೆಯುತ್ತಿದ್ದ. ಮ್ಯಾನೇಜರು ಒಮ್ಮೆ ಉತ್ತರವನ್ನೂ ಬರೆದಿದ್ದ, ದಯವಿಟ್ಟು ಬೇರೆ ಅಂಗಡಿಗೆ ಹೋಗಿ ಎಂದು. ಅನಂತಪದ್ಮನಾಭ ಅದನ್ನು ‘ಗಿರಾಕಿ ಸೇವೆ: ಉತ್ತರ ಬಂದಿದೆ, ತೃಪ್ತಿಕರ’ ಎಂದು ಗುರುತು ಹಾಕಿ ಫೈಲಿನಲ್ಲಿಟ್ಟ.

ಅವನ ಹೆಂಡತಿ ಮೈಥಿಲಿ ವೀಣೆ ನುಡಿಸುತ್ತಿದ್ದಳು. ಅವಳ ಅಜ್ಜಿ ಮೈಸೂರಿನಲ್ಲಿ ನಲವತ್ತು ವರ್ಷ ನುಡಿಸಿದ ವೀಣೆ ಅದು. ಅಮೆರಿಕಕ್ಕೆ ಬರುವಾಗ ಅದಕ್ಕೆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅನಂತಪದ್ಮನಾಭನಿಗೆ ಸಿಕ್ಕಿದ್ದು ನಡುವಿನ ಸೀಟು. ಆ ಮನೆಯಲ್ಲಿ ಯಾರ ಸ್ಥಾನ ಯಾವುದು ಎಂಬುದು ಅಂದೇ ತೀರ್ಮಾನವಾಗಿತ್ತು.

೧೯೮೪ರ ಫೆಬ್ರವರಿ ಕೊನೆಗೆ ಮೈಥಿಲಿ ತಂಗಿಯ ಬಾಣಂತನಕ್ಕೆ ಶಿಕಾಗೋಗೆ ಹೋದಳು. ಯುಗಾದಿಗೆ ಕನ್ನಡ ಕೂಟದಲ್ಲಿ ಅವಳ ವೀಣಾ ಕಚೇರಿ ಇತ್ತು. ಅದಕ್ಕೆ ಒಂದು ವಾರ ಮೊದಲು ಬರುವುದೆಂದು ಮಾತು. ಹೋಗುವಾಗ ವೀಣೆಗೆ ರೇಷ್ಮೆ ಬಟ್ಟೆ ಹೊದಿಸಿ, “ಏನು ಬೇಕಾದ್ರೂ ಮಾಡಿ, ಇದನ್ನ ಮಾತ್ರ ಮುಟ್ಟಬೇಡಿ” ಅಂದಳು.

ಒಂಬತ್ತು ದಿನ ಅವನು ಮುಟ್ಟಲಿಲ್ಲ. ಹತ್ತನೆಯ ದಿನ ಶನಿವಾರ. ಹೆಂಡತಿ ಬರುವಷ್ಟರಲ್ಲಿ ವೀಣೆಯ ಶ್ರುತಿ ಮಾಡಿಟ್ಟು ಅವಳಿಗೆ ಸಂತೋಷ ಕೊಡೋಣ ಎಂದು ಅವನಿಗೆ ಹೊಳೆಯಿತು. ಜಗತ್ತಿನಲ್ಲಿ ಅರ್ಧದಷ್ಟು ಅನಾಹುತಗಳು ಹೆಂಡತಿಗೆ ಸಂತೋಷ ಕೊಡಲು ಹೊರಟವರಿಂದಲೇ ಆಗಿವೆ. ಅವನಿಗೆ ಸಂಗೀತ ಬಾರದು. ಆದರೆ ಆಫೀಸಿನಿಂದ ತಂದ ಕಂಪನ ಎಣಿಸುವ ಯಂತ್ರ ಬರುತ್ತಿತ್ತು. ಮೈಥಿಲಿಯ ಷಡ್ಜಕ್ಕೆ ಸೆಕೆಂಡಿಗೆ ನೂರರವತ್ತೈದು ಕಂಪನ ಬೇಕೆಂದು ಪುಸ್ತಕದಲ್ಲಿ ನೋಡಿಕೊಂಡ. ತಂತಿ ಮೀಟಿದ. ಯಂತ್ರ ಅರವತ್ತು ಎಂದು ತೋರಿಸಿತು. ತಂತಿ ಬಿಗಿಯುವ ಬಿರಡೆ ತಿರುಗಿಸಿ ಮತ್ತೆ ಮೀಟಿದ. ಅರವತ್ತು. ಇನ್ನಷ್ಟು ತಿರುಗಿಸಿದ. ಅರವತ್ತು. ಕೈಗೆ ಬಗ್ಗದಾದಾಗ ಇಕ್ಕಳ ತಂದು ಎಲ್ಲ ಬಿರಡೆಗಳನ್ನೂ ಒಂದಾದ ಮೇಲೊಂದು ಬಿಗಿದ. ಠಣ್ ಎಂದು ತಂತಿ ಹರಿಯಿತು, ಅದರ ಹಿಂದೆಯೇ ಒಣ ಸೌದೆ ಸೀಳಿದ ಸದ್ದು ಬಂತು. ವೀಣೆಯ ಉದ್ದನೆಯ ದಂಡಿ ಬುಡದ ಕೊಡವನ್ನು ಸೇರುವ ಕಡೆ ಗೇಣುದ್ದ ಬಾಯಿ ಬಿಟ್ಟಿತ್ತು.

ಮನೆ ನಿಶ್ಶಬ್ದವಾಯಿತು. ಯಂತ್ರ ಆಗಲೂ ಅರವತ್ತು ಎಂದೇ ತೋರಿಸುತ್ತಿತ್ತು. ಅದು ಬೆಳಗಿನಿಂದ ಎಣಿಸುತ್ತಿದ್ದದ್ದು ಪಕ್ಕದಲ್ಲಿದ್ದ ರೆಫ್ರಿಜರೇಟರಿನ ಗುಂಯ್‌ಗುಟ್ಟುವಿಕೆಯನ್ನು.

ಮರುದಿನದಿಂದ ಅವನು ವಾದ್ಯ ರಿಪೇರಿಯವರನ್ನು ಹುಡುಕಿದ. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಗಿಟಾರಿನವನು ವೀಣೆಗೆ ಎರಡು ಸಲ ಪ್ರದಕ್ಷಿಣೆ ಹಾಕಿ, ಇದರಲ್ಲಿ ತಲೆ ಯಾವುದು ಎಂದು ಕೇಳಿದ. ಇನ್ನೊಬ್ಬ ಆರು ತಿಂಗಳು ಬೇಕೆಂದ. ಕೊನೆಗೆ ದಾರಿ ತೋರಿಸಿದವನು ಆಫೀಸಿನ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದ ಒಬ್ಬ ಜಿಂಕೆ ಬೇಟೆಗಾರ. ಅವನ ರೈಫಲಿನ ಮರದ ಹಿಡಿ ಹೀಗೇ ಸೀಳಿತ್ತಂತೆ. ಮಾರ್ಗನ್ ಹಿಲ್‌ನಲ್ಲಿ ಪಿಕೆಟ್ ಎಂಬ ಮುದುಕ, ಒಬ್ಬೊಬ್ಬರ ಅಳತೆಗೆ ತಕ್ಕಂತೆ ಕೈಯಲ್ಲೇ ರೈಫಲ್ ಮಾಡುವವನು, ಅದನ್ನು ಸರಿ ಮಾಡಿಕೊಟ್ಟನಂತೆ. “ಸೀಳು ಎಲ್ಲಿತ್ತು ಅಂತ ನಿನ್ನ ಮೈಕ್ರೋಸ್ಕೋಪಿಗೂ ಸಿಗೋದಿಲ್ಲ. ಆದರೆ ಆತ ಸುಮ್ಮನೆ ಎಲ್ಲರ ಕೆಲಸವನ್ನೂ ಹಿಡಿಯೋದಿಲ್ಲ” ಎಂದ.

ಬೇರೆ ಯಾರಾದರೂ ಆಗಿದ್ದರೆ ಓಡಿ ಹೋಗಿ ಕಾಲಿಗೆ ಬೀಳುತ್ತಿದ್ದರು. ಅನಂತಪದ್ಮನಾಭ ಆಫೀಸಿನ ಪರೀಕ್ಷಾ ಫಾರಂ ತೆಗೆದುಕೊಂಡು ಹೋದ. ಹೊಸ ಕಾರ್ಖಾನೆಯವರಿಂದ ಮಾಲು ಕೊಳ್ಳುವ ಮೊದಲು ಅವರ ಗುಣಮಟ್ಟವನ್ನೂ ಗಿರಾಕಿ ಸೇವೆಯನ್ನೂ ತೂಗಿ ನೋಡುವ ಫಾರಂ ಅದು, ನಲವತ್ತು ಪ್ರಶ್ನೆಗಳದ್ದು.

ಪಿಕೆಟನ ಕಾರ್ಯಾಗಾರ ಅವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿತ್ತು. ಬೆಳ್ಳುಳ್ಳಿ ಬೆಳೆಯುವ ಗಿಲ್ರಾಯ್ ಊರಿನ ಕಡೆಯಿಂದ ಅದರದೇ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು. ಗೋಡೆಯುದ್ದಕ್ಕೂ ಆಕ್ರೋಟು ಮರದ ತುಂಡುಗಳು ಒಣಗುತ್ತಿದ್ದವು. ಎತ್ತರದ, ಬಡಕಲು ಮೈಯ ಮುದುಕ ಟೋಪಿ ತೆಗೆಯದೆ ಮೇಜಿನ ಹಿಂದೆ ನಿಂತಿದ್ದ.

“ಕಳೆದ ವರ್ಷ ನಿಮ್ಮ ಮೇಲೆ ಎಷ್ಟು ದೂರು ಬಂದಿವೆ?” ಅನಂತಪದ್ಮನಾಭ ಪೆನ್ನು ತೆಗೆದ.

“ಒಂದು.”

“ಏನು ಕ್ರಮ ತೆಗೆದುಕೊಂಡಿರಿ?”

“ಅವನ ಮಾತು ತಪ್ಪು ಅಂತ ಹೇಳಿದೆ.”

“ಸಾಮಾನ್ಯವಾಗಿ ಎಷ್ಟು ದಿನ ತಡವಾಗುತ್ತೆ?”

“ಕೆಲಸ ಮುಗಿಯುವವರೆಗೆ.”

“ಗಿರಾಕಿ ಸೇವೆಗೆ ಬೇರೆ ವಿಭಾಗ ಇದೆಯೇ?”

ಪಿಕೆಟ್ ಸುತ್ತ ನೋಡಿದ. ಮೂಲೆಯಲ್ಲಿ ಒಂದು ಕಪ್ಪು ಟೆಲಿಫೋನು ಇತ್ತು, ಅದರ ಕೆಳಗೆ ಒಂದು ನಾಯಿ ಮಲಗಿತ್ತು. ಎರಡನ್ನೂ ಸೇರಿಸಿ ಕೈ ತೋರಿಸಿದ. ಆಮೇಲೆ, “ಈಗ ನನ್ನ ಸರದಿ” ಎಂದು ವೀಣೆಯ ಬಟ್ಟೆ ತೆಗೆದ. ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. ಮೂಸಿದ. ಇದು ಯಾವ ಮರ ಎಂದು ಕೇಳಿದ. ಹಲಸಿನ ಮರ, ಇಷ್ಟು ದೊಡ್ಡ ಹಣ್ಣು ಬಿಡುತ್ತದೆ ಎಂದು ಅನಂತಪದ್ಮನಾಭ ಎರಡೂ ತೋಳು ಚಾಚಿ ತೋರಿಸಿದ.

“ಹೇಗಾಯಿತು?”

“ಬಿತ್ತು.”

“ಬಿದ್ದದ್ದಲ್ಲ. ಯಾರೋ ತಿರುಪಿದ್ದಾರೆ. ಇಲ್ಲಿ ಇಕ್ಕಳದ ಹಲ್ಲಿನ ಗುರುತಿದೆ.”

ಹದಿನಾರು ವರ್ಷದಿಂದ ಬೇರೆಯವರ ತಪ್ಪನ್ನು ಹಿಡಿದೇ ಸಂಬಳ ತೆಗೆದುಕೊಂಡ ಮನುಷ್ಯ ಮೊದಲ ಸಲ ತಾನೇ ಸಿಕ್ಕಿಬಿದ್ದ. ಎಲ್ಲವನ್ನೂ ಹೇಳಿದ, ರೆಫ್ರಿಜರೇಟರಿನ ವಿಷಯವನ್ನೂ ಮುಚ್ಚಿಡಲಿಲ್ಲ. ಪಿಕೆಟ್ ನಗಲಿಲ್ಲ. ಆಕೆ ಹೇಗೆ ಕೂತು ನುಡಿಸುತ್ತಾಳೆ ಎಂದು ಕೇಳಿದ. ಅನಂತಪದ್ಮನಾಭ ಮರದ ಹೊಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ತೋರಿಸಿದ. ಪಿಕೆಟ್ ಟೇಪು ಹಿಡಿದು ಅವನ ಭುಜ, ಮೊಣಕೈ, ಮಣಿಕಟ್ಟು ಅಳೆದ. ಇಷ್ಟು ಗಂಭೀರವಾಗಿ ಅವನನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ.

“ಕೆಲಸ ಹಿಡಿಯುತ್ತೇನೆ. ಆದರೆ ಗಿರಾಕಿಗೆ ಸುಳ್ಳು ಹೇಳುವುದು ನನ್ನಿಂದಾಗದು. ಆಕೆಗೆ ತಿಳಿಸಿ.”

“ಗಿರಾಕಿ ನಾನು.”

“ಗಿರಾಕಿ ಆಕೆ. ನೀವು ಸಾಗಾಣಿಕೆ” ಎಂದ ಪಿಕೆಟ್.

ಪಿಕೆಟನ ಗಿರಾಕಿ ಸೇವೆಯಲ್ಲಿ ಒಂದೇ ಒಂದು ದೋಷವಿತ್ತು. ಅದು ಬಹಳ ಚೆನ್ನಾಗಿತ್ತು. ಪ್ರತಿ ಹಂತಕ್ಕೂ ಫೋನು ಮಾಡುತ್ತಿದ್ದ. ಅನಂತಪದ್ಮನಾಭ ಎಂಬ ಹೆಸರು ಅವನ ಬಾಯಲ್ಲಿ ‘ಪ್ಯಾಡ್’ ಎಂದಾಗಿತ್ತು. ಅನಂತಪದ್ಮನಾಭ ಆಫೀಸಿನಲ್ಲಿರುವಾಗ ಮನೆಯ ಆನ್ಸರಿಂಗ್ ಮೆಷಿನ್ನಿಗೆ, ಕಿವುಡರೊಡನೆ ಮಾತಾಡುವಂತೆ, ಗಟ್ಟಿಯಾಗಿ ಹೇಳಿ ಇಡುತ್ತಿದ್ದ.

ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಉಡುಪಿ ಕಡೆಯ ರತ್ನಾವತಿ, ಅವಳ ಗಂಡ ಹಲ್ಲಿನ ಡಾಕ್ಟರು ವೈಕುಂಠ ಇದ್ದರು. ಮೈಥಿಲಿ ಹೋಗುವಾಗ ರತ್ನಾವತಿಗೆ ಬೀಗದ ಕೈ ಕೊಟ್ಟಿದ್ದಳು. ಇವಳು ಮಧ್ಯಾಹ್ನ ಬಂದು ಹುಳಿಯೋ ಪಲ್ಯವೋ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು. ಆ ಗುರುವಾರ ಕುಂಬಳಕಾಯಿ ಹುಳಿ ಹಿಡಿದು ಒಳಗೆ ಬಂದಾಗಲೇ ಫೋನು ಬಡಿಯಿತು, ಮೆಷಿನ್ನು ಎತ್ತಿತು, ಪಿಕೆಟನ ದನಿ ಕೋಣೆಯಲ್ಲೆಲ್ಲ ಕೇಳಿಸಿತು.

“ಮಿಸ್ಟರ್ ಪ್ಯಾಡ್, ಪಿಕೆಟ್ ಕಸ್ಟಮ್ ರೈಫಲ್ಸ್‌ನಿಂದ ಪಿಕೆಟ್. ನಿಮ್ಮ ಹೆಂಡತಿ ಊರಿಂದ ಬರುವುದರೊಳಗೆ ಕೆಲಸ ಮುಗಿಸಿಬಿಡುತ್ತೇನೆ. ಗುರುತು ಸಿಗದ ಹಾಗೆ ಮಾಡುತ್ತೇನೆ. ಆದರೆ ಆಕೆಗೆ ಮೊದಲೇ ಹೇಳಿ. ಏನು ಕಾದಿದೆ ಅಂತ ಗೊತ್ತಿಲ್ಲದೆ ಆ ಹೆಂಗಸು ಬಾಗಿಲು ತೆಗೆದು ಒಳಗೆ ಬರುವುದು ನನಗೆ ಸರಿ ಕಾಣುವುದಿಲ್ಲ.”

ಹುಳಿ ಫ್ರಿಜ್ಜು ಸೇರಲಿಲ್ಲ. ಕಾರ್ಪೆಟ್ಟು ಸೇರಿತು.

“ನಾನು ನನ್ನ ಕಿವಿಯಾರೆ ಕೇಳಿದ್ದು, ಮಾರಾಯ್ರೆ” ಎಂದು ರತ್ನಾವತಿ ಸಂಜೆ ಗಂಡನಿಗೆ ಹೇಳಿದಳು. “ಬೆಳ್ಳುಳ್ಳಿ ಸಹ ತಿನ್ನದ ಜನ. ಅವರಿಗೆ ಕೋವಿ ಎಂತಕ್ಕೆ?”

“ಬೆಳ್ಳುಳ್ಳಿ ತಿನ್ನದವರನ್ನೇ ನಂಬಬಾರದು” ಎಂದ ವೈಕುಂಠ. ಅವನು ಸ್ಯಾನ್ ರಮೋನ್‌ನಲ್ಲಿದ್ದ ದ್ವಾರಕಾನಾಥನಿಗೆ ಫೋನು ಮಾಡಿದ. ದ್ವಾರಕಾನಾಥ ಕನ್ನಡ ಕೂಟದ ಅಧ್ಯಕ್ಷ. ಎಲ್ಲ ವಿಷಯಗಳೂ ತನ್ನ ಅಧ್ಯಕ್ಷತೆಯಲ್ಲೇ ನಡೆಯಬೇಕೆಂದು ನಂಬಿದ್ದವನು. ಭಾನುವಾರ ಬೆಳಿಗ್ಗೆ ಇಬ್ಬರೂ ಅನಂತಪದ್ಮನಾಭನ ಸೋಫಾದ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದರು.

“ನೋಡಿ ಇವ್ರೇ, ನಮಗೆಲ್ಲಾ ವಿಷಯ ಗೊತ್ತಾಗಿದೆ” ಎಂದ ದ್ವಾರಕಾನಾಥ.

ಅನಂತಪದ್ಮನಾಭ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ. ವೀಣೆಯ ವಿಷಯ ಕೂಟದವರೆಗೆ ಹೋಗಿದೆ ಎಂದುಕೊಂಡ. “ನಾನು ಬೇಕು ಅಂತ ಮಾಡಿದ್ದಲ್ಲ. ಸ್ವಲ್ಪ ಟೆನ್ಷನ್ನು ಜಾಸ್ತಿ ಆಯ್ತು” ಎಂದ.

“ಟೆನ್ಷನ್ನು ಯಾರಿಗಿಲ್ಲ? ನಾನು ದಿನಾ ಸಿಕ್ಸ್ ಏಟಿ ಫ್ರೀವೇಲಿ ಓಡಿಸ್ತೀನಿ. ಅದಕ್ಕೆ ಹಿಂಗಾ?”

“ಕೊನೇಲಿ ಠಣ್ ಅಂತು.”

ವೈಕುಂಠ ಸೋಫಾದ ಅಂಚಿಗೆ ಸರಿದ. “ಠಣ್ ಅಂತ ಆಗಿಯೂ ಆಯ್ತಾ?”

“ಒಂದೇ ಸಲ. ನೆಕ್ಕಿಗೆ ಏಟಾಯ್ತು. ಬಟ್ಟೆ ಸುತ್ತಿ, ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿ, ಮಾರ್ಗನ್ ಹಿಲ್‌ಗೆ ತಗೊಂಡು ಹೋಗಿ ಬಿಟ್ಟು ಬಂದೆ. ಮೈಥಿಲಿಗೆ ಮಾತ್ರ ಹೇಳ್ಬೇಡಿ. ಅವಳ ಅಜ್ಜೀದು.”

“ಅಜ್ಜೀದಾ” ಎಂದ ದ್ವಾರಕಾನಾಥ. ಅವನ ಧ್ವನಿ ಅಧ್ಯಕ್ಷರ ಧ್ವನಿಯಾಗಿ ಉಳಿದಿರಲಿಲ್ಲ. “ಆ ರೈಫಲ್ಲು ಈಗೆಲ್ಲಿದೆ?”

“ಯಾವ ರೈಫಲ್ಲು?”

“ಪಿಕೆಟ್ ಕಸ್ಟಮ್ ರೈಫಲ್ಸ್‌ನೋರ ಮೆಸೇಜು ರತ್ನಾವತಿಯೋರು ಕೇಳಿದಾರೆ.”

ಅನಂತಪದ್ಮನಾಭ ಅವರಿಬ್ಬರ ಮುಖ ನೋಡಿದ. ಇವರಿಗೆ ವೀಣೆಯ ಸುದ್ದಿ ಗೊತ್ತಿಲ್ಲ. ಇವರು ತಿಳಿದಿರುವುದು ತಾನೊಂದು ಬಂದೂಕು ಮಾಡಿಸುತ್ತಿದ್ದೇನೆ ಎಂದಷ್ಟೇ. ಎದೆಯ ಮೇಲಿದ್ದ ಕಲ್ಲು ಇಳಿದು ಅವನ ಮುಖ ಅರಳಿತು.

“ಓ, ರೈಫಲ್ಲಾ. ಹೌದು, ಹೌದು. ರೈಫಲ್ ಆರ್ಡರ್ ಮಾಡಿದೀನಿ. ಒಳ್ಳೇ ರೈಫಲ್ಲು. ಬನ್ನಿ, ಇನ್ನೊಂದು ಲೋಟ ಕಾಫಿ ತಗೊಳ್ಳಿ.”

“ಹಾಗಾದರೆ ಅಜ್ಜಿ?” ವೈಕುಂಠ ಕೇಳಿದ.

“ಅಜ್ಜಿ ಹೋಗಿ ಹನ್ನೆರಡು ವರ್ಷ ಆಯ್ತಲ್ಲ. ಮೈಸೂರಲ್ಲಿ. ಶುಗರ್ರು.”

ಅಜ್ಜಿಯ ಮಟ್ಟಿಗೆ ಅವರಿಗೆ ಸಮಾಧಾನವಾಯಿತು. ಆದರೆ ರೈಫಲಿನ ಹೆಸರು ಹೇಳಿದೊಡನೆ ಮನುಷ್ಯನ ಮುಖ ಅರಳಿದ್ದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು. ಕಾಫಿ ಬೇಡವೆಂದು ಎದ್ದು, ಅವನಿಗೆ ಬೆನ್ನು ತೋರಿಸದಂತೆ ನಡೆದು ಬಾಗಿಲು ಸೇರಿದರು.

ಆ ವಾರದಿಂದ ಬೇ ಏರಿಯಾದ ಕನ್ನಡಿಗರು ಅನಂತಪದ್ಮನಾಭನ ಜೊತೆ ಬಹಳ ವಿನಯದಿಂದ ನಡೆದುಕೊಳ್ಳತೊಡಗಿದರು. ಕೂಟದ ಸಭೆಯಲ್ಲಿ ಭಾಷಣಗಳಿಗೆ ಸ್ಟಾಪ್‌ವಾಚು ಹಿಡಿಯಬೇಕೆಂದು ಅವನು ಮೂರು ವರ್ಷದಿಂದ ಸೂಚಿಸುತ್ತಿದ್ದ, ಮೂರು ವರ್ಷದಿಂದ ಅದು ಬಿದ್ದುಹೋಗುತ್ತಿತ್ತು. ಈ ಸಲ ಅವನು ಕೈಯೆತ್ತಿ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಸರ್ವಾನುಮತದಿಂದ ಪಾಸಾಯಿತು. ಅತಿ ಉದ್ದ ಭಾಷಣ ಮಾಡುತ್ತಿದ್ದ ದ್ವಾರಕಾನಾಥನೇ ಅನುಮೋದಿಸಿದ. ಯುಕ್ತಿಯುಕ್ತವಾದ ವಾದ ಕೊನೆಗೂ ಗೆಲ್ಲುತ್ತದೆ ಎಂದು ಅನಂತಪದ್ಮನಾಭ ತಿಳಿದ. ಗೆದ್ದದ್ದು ಯಾವುದೆಂದು ಅವನಿಗೆ ಯಾರೂ ಹೇಳಲಿಲ್ಲ.

ಆದರೆ ಮೈಥಿಲಿಯ ಫೋನು ಬಂದಾಗಲೆಲ್ಲ ಅವನು ಮಾತು ತಪ್ಪಿಸುತ್ತಿದ್ದ. “ವೀಣೆ ಹೇಗಿದೆ?” ಎಂದರೆ, “ಇಲ್ಲಿ ಬಿಸಿಲು ಚೆನ್ನಾಗಿದೆ” ಎನ್ನುತ್ತಿದ್ದ. “ಬಟ್ಟೆ ಹೊದಿಸೇ ಇದೆಯಾ?” ಎಂದರೆ, “ಸ್ವೆಟರ್ ಹಾಕ್ಕೊಂಡಿದೀನಿ” ಎನ್ನುತ್ತಿದ್ದ. ಫೋನು ಇಟ್ಟಮೇಲೆ ಖಾಲಿ ಜಮಖಾನದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅಲ್ಲಿ ವೀಣೆಯಿಲ್ಲದ ಜಾಗ ವೀಣೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಇವತ್ತು ಹೇಳಿಬಿಡಬೇಕಿತ್ತು ಎಂದುಕೊಳ್ಳುತ್ತಿದ್ದ, ನಾಳೆ ಹೇಳೋಣ ಎಂದು ಮಲಗುತ್ತಿದ್ದ.

ಇತ್ತ ರತ್ನಾವತಿಗೆ ತಡೆಯಲಾಗಲಿಲ್ಲ. ಗಂಡ ಬೇಡವೆಂದರೂ ಶಿಕಾಗೋಗೆ ಫೋನು ಮಾಡಿ, “ನೀನು ಹೆದರಬೇಡ. ಬರುವಾಗ ಸೀದಾ ನಿಮ್ಮ ಮನೆಗೆ ಹೋಗಬೇಡ, ನಮ್ಮ ಮನೆಗೆ ಬಾ” ಎಂದಳು. ಮೈಥಿಲಿ ಎಲ್ಲವನ್ನೂ ಕೇಳಿ, ಟಿಕೆಟ್ಟು ಬದಲಾಯಿಸಿ, ನಾಲ್ಕು ದಿನ ಮೊದಲೇ ಬಂದಿಳಿದಳು. ವೈಕುಂಠ ಏರ್‌ಪೋರ್ಟಿನಿಂದ ಕರೆತಂದ. ಅವಳು ರತ್ನಾವತಿಯ ಮನೆಗೆ ಹೋಗಲು ಒಪ್ಪಲಿಲ್ಲ. ಸೀದಾ ತನ್ನ ಮನೆಯ ಬಾಗಿಲು ತೆಗೆದು ಖಾಲಿ ಜಮಖಾನ ನೋಡಿ ಕುರ್ಚಿಯಲ್ಲಿ ಕೂತಳು. ಅವಳನ್ನು ಒಂಟಿಯಾಗಿ ಬಿಡಬಾರದೆಂದು ರತ್ನಾವತಿ, ವೈಕುಂಠ ಇಬ್ಬರೂ ಕೂತರು. ಅಧ್ಯಕ್ಷನಿಲ್ಲದೆ ಇಂಥದು ನಡೆಯಬಾರದೆಂದು ದ್ವಾರಕಾನಾಥನೂ ಬಂದ.

ಅಂದು ಶನಿವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಗಿಲು ತೆರೆಯಿತು. ಅನಂತಪದ್ಮನಾಭ ಹಿಮ್ಮುಖವಾಗಿ ಒಳಗೆ ಬಂದ. ಅವನ ಕೈಯಲ್ಲಿ ಐದಡಿ ಉದ್ದದ ಮರದ ಪೆಟ್ಟಿಗೆಯ ಒಂದು ತುದಿ. ಇನ್ನೊಂದು ತುದಿಯಲ್ಲಿ ಟೋಪಿ ಹಾಕಿದ ಎತ್ತರದ ಮುದುಕ. ಪೆಟ್ಟಿಗೆಯ ಮೇಲೆ ಕಬ್ಬಿಣ ಕಾಸಿ ಒತ್ತಿದ ಅಕ್ಷರಗಳಲ್ಲಿ ‘ಪಿಕೆಟ್ ಕಸ್ಟಮ್ ರೈಫಲ್ಸ್’ ಎಂದಿತ್ತು. ಅನಂತಪದ್ಮನಾಭ ತಿರುಗಿದ. ಹೆಂಡತಿಯನ್ನು ಕಂಡು ತನ್ನ ತುದಿಯನ್ನು ಕಾಲಿನ ಮೇಲೆ ಇಳಿಸಿಕೊಂಡ.

“ತೆಗೀರಿ” ಎಂದಳು ಮೈಥಿಲಿ.

ರತ್ನಾವತಿ ಗಂಡನ ಹಿಂದೆ ಸರಿದಳು. ಗಂಡ ದ್ವಾರಕಾನಾಥನ ಹಿಂದೆ ಸರಿದ. ದ್ವಾರಕಾನಾಥನ ಹಿಂದೆ ಗೋಡೆ ಇತ್ತು. ಅನಂತಪದ್ಮನಾಭ ಕುಂಟುತ್ತ ಬಂದು ಮುಚ್ಚಳ ತೆಗೆದ.

“ಇದು ವೀಣೆಯ ಹಾಗೆ ಉಂಟಲ್ಲ” ಎಂದಳು ರತ್ನಾವತಿ.

“ರೈಫಲ್ಲೆಲ್ಲಿ?” ಎಂದ ದ್ವಾರಕಾನಾಥ.

“ರೈಫಲ್ ಇಲ್ಲ.”

“ಇಲ್ಲ ಅಂದ್ರೆ? ನಿಮ್ಮ ಸ್ಟಾಪ್‌ವಾಚು ಪಾಸ್ ಮಾಡಿದೀವಲ್ರೀ ನಾವು.”

ಮೈಥಿಲಿ ಯಾರ ಕಡೆಗೂ ನೋಡಲಿಲ್ಲ. ಪೆಟ್ಟಿಗೆಯ ಪಕ್ಕ ಮಂಡಿಯೂರಿ, “ಏನಾಗಿತ್ತು?” ಎಂದು ಕೇಳಿದಳು.

ಅನಂತಪದ್ಮನಾಭನಿಗೆ ಮೂರು ಸುಳ್ಳು ಸಿದ್ಧವಾಗಿದ್ದವು. ಪಿಕೆಟ್ ಟೋಪಿಯ ಅಂಚಿನ ಕೆಳಗಿನಿಂದ ನೋಡುತ್ತಿದ್ದ. ಮೂರನ್ನೂ ನುಂಗಿ ಅವನು ನಿಜ ಹೇಳಿದ. ಬಿರಡೆ, ಇಕ್ಕಳ, ಯಂತ್ರ, ಅರವತ್ತು, ರೆಫ್ರಿಜರೇಟರು. ರೆಫ್ರಿಜರೇಟರು ಬಂದಾಗ ವೈಕುಂಠ ಕೆಮ್ಮುವವನಂತೆ ನಗು ಮುಚ್ಚಿಕೊಂಡ.

“ರತ್ನಾವತಿ ಫೋನ್ ಮಾಡಿ ರೈಫಲ್ ಅಂದಾಗ ನಾನು ನಕ್ಕುಬಿಟ್ಟೆ” ಎಂದಳು ಮೈಥಿಲಿ. “ಒಂದು ಟೋಸ್ಟರ್ ತಗೊಳ್ಳೋಕೆ ಎಂಟು ತಿಂಗಳು ಕಂಪೇರ್ ಮಾಡಿದೋರು, ಮೂರು ವಾರದಲ್ಲಿ ರೈಫಲ್ ತಗೋತಾರಾ? ನಾನು ಬಂದಿದ್ದು ವೀಣೆಗೆ. ಅದರ ವಿಷಯ ಕೇಳಿದಾಗೆಲ್ಲ ನೀವು ಹವಾಮಾನ ಹೇಳ್ತಿದ್ರಿ. ಬದುಕಿದೆಯೋ ಇಲ್ಲವೋ ಅಂತ ಪ್ಲೇನಲ್ಲಿ ಒಂದು ತುತ್ತು ಇಳೀಲಿಲ್ಲ ನಂಗೆ.”

ಅವನು ತಲೆ ಬಗ್ಗಿಸಿದ. “ತಪ್ಪಾಯ್ತು” ಎಂದ. ಆ ಮಾತಿಗೆ ಅವನು ಯಾವ ಅಂಕಿ ಅಂಶವನ್ನೂ ಸೇರಿಸಲಿಲ್ಲ.

ಮೈಥಿಲಿ ವೀಣೆಯನ್ನು ಎತ್ತಿ ಜಮಖಾನದ ಮೇಲೆ ಕೂತಳು. ದಂಡಿಯ ಬುಡದಲ್ಲಿ ಬೆರಳಾಡಿಸಿ ಸೀಳು ಹುಡುಕಿದಳು. ಸಿಗಲಿಲ್ಲ. ಶ್ರುತಿ ಮಾಡಿಕೊಂಡು ಮಂದ್ರದ ತಂತಿಯನ್ನು ಒಮ್ಮೆ ಮೀಟಿದಳು. ನಾದ ಕೋಣೆಯ ತುಂಬ ಹರಡಿ, ಹಿನ್ನೀರಿನ ಕಡೆಯ ಕಿಟಕಿಯವರೆಗೆ ಹೋಗಿ, ನಿಧಾನವಾಗಿ ಇಳಿಯಿತು. ಅವಳು ಅದು ಪೂರ್ತಿ ಇಳಿಯುವವರೆಗೆ ಕಾದಳು. ಆಮೇಲೆ ಕಲ್ಯಾಣಿ ರಾಗವನ್ನು ಮೆಲ್ಲಗೆ ಬಿಡಿಸತೊಡಗಿದಳು. ಪಿಕೆಟ್ ಟೋಪಿ ತೆಗೆದ. ಅವನ ತಲೆ ಬೋಳಾಗಿರುವುದು ಅನಂತಪದ್ಮನಾಭನಿಗೆ ಆಗ ಗೊತ್ತಾಯಿತು.

ಅವಳು ನಿಲ್ಲಿಸಿದ ಮೇಲೆ ಪಿಕೆಟ್ ಮಂಡಿಯೂರಿ ಅವಳ ಎಡಗೈ ನೋಡಿದ. “ಮಣಿಕಟ್ಟಿನ ಹತ್ತಿರ ಎಲ್ಲಾದರೂ ಒತ್ತುತ್ತದೆಯೇ, ಮ್ಯಾಮ್?” ಎಂದು ಕೇಳಿದ. ಒಂದು ಕಡೆ ಒಂದಿಷ್ಟು ಒತ್ತುತ್ತದೆ ಎಂದಳು ಅವಳು. ಅವನು ಜೇಬಿನಿಂದ ಉಗುರಷ್ಟು ಮರಳು ಕಾಗದ ತೆಗೆದು ಆ ಜಾಗವನ್ನು ನಾಲ್ಕು ಸಲ ಉಜ್ಜಿದ. “ಈಗ?” ಅವಳು ಬಾರಿಸಿ ನೋಡಿ ತಲೆಯಾಡಿಸಿದಳು.

“ಮೂವತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ” ಎಂದ ಪಿಕೆಟ್. “ನಾನು ಮಾಡಿದ್ದೆಲ್ಲ ಕಾಡಿಗೆ ಹೋಗುತ್ತದೆ. ಯಾರೂ ತಂದು ನನ್ನೆದುರು ಕೂತು ಉಪಯೋಗಿಸಿದ್ದಿಲ್ಲ. ಉಪಯೋಗಿಸಿದರೆ ನಾನು ಮೇಜಿನ ಕೆಳಗೆ ಹೋಗಬೇಕಾಗುತ್ತಿತ್ತು.”

“ಮೊದಲಿಗಿಂತ ನಾದ ಜಾಸ್ತಿ ಹೊತ್ತು ನಿಲ್ತಾ ಇದೆ” ಎಂದಳು ಮೈಥಿಲಿ, ಗಂಡನ ಕಡೆ ತಿರುಗಿ.

“ಶೇಕಡಾ ಎಷ್ಟು?” ಎಂದು ಕೇಳಲು ಅವನು ಬಾಯಿ ತೆರೆದ. ಐದು ಜನ ಅವನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಕಾಫಿ ಮಾಡಲು ಹೋದ.

ಯುಗಾದಿಯ ಕಚೇರಿ ಬಹಳ ಚೆನ್ನಾಗಿ ನಡೆಯಿತು. ದ್ವಾರಕಾನಾಥ ತನ್ನ ಸ್ವಾಗತ ಭಾಷಣದಲ್ಲಿ ಪಿಕೆಟನನ್ನು ‘ಪ್ರಸಿದ್ಧ ವೀಣಾ ತಜ್ಞರು’ ಎಂದು ಪರಿಚಯಿಸಿದ. ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೊದಲ ಸಾಲಿನಲ್ಲಿ ಕೂತು, ಬೇವು ಬೆಲ್ಲವನ್ನು ಔಷಧಿಯೆಂದು ತಿಳಿದು ಒಂದೇ ಗುಟುಕಿಗೆ ನುಂಗಿದ. ಮೈಥಿಲಿ ಗಂಡನೊಡನೆ ಪೂರ್ತಿಯಾಗಿ ಮಾತಾಡಲು ಇನ್ನೂ ಎರಡು ವಾರ ಹಿಡಿಯಿತು. ಅಷ್ಟು ದಿನ ಅವನು ಮನೆಯಲ್ಲಿ ಯಾವ ವಸ್ತುವನ್ನು ಮುಟ್ಟುವ ಮೊದಲೂ ಕೇಳಿ ಮುಟ್ಟುತ್ತಿದ್ದ, ಚಮಚವನ್ನೂ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅವನ ಆಫೀಸಿನ ಫೋನು ಬಡಿಯಿತು. ಪಿಕೆಟ್.

“ಮಿಸ್ಟರ್ ಪ್ಯಾಡ್, ನಿಮ್ಮ ಪಕ್ಕದ ಮನೆಯ ಹೆಂಗಸು ನನ್ನ ಅಂಗಡಿಗೆ ಬಂದಿದ್ದಾರೆ. ಒಂದು ಮಣೆ ತಂದಿದ್ದಾರೆ. ಅದರ ಮೂತಿಗೆ ಹಲ್ಲುಗಳಿರುವ ಒಂದು ಕಬ್ಬಿಣದ ನಾಲಗೆ. ತೆಂಗಿನಕಾಯಿ ತುರಿಯೋದು ಅನ್ನುತ್ತಾರೆ. ಅಲ್ಲಾಡುತ್ತದಂತೆ, ಗಟ್ಟಿ ಮಾಡಿಕೊಡಬೇಕಂತೆ. ಈಗ ನೆಲದ ಮೇಲೆ ಅದನ್ನು ಹತ್ತಿ ಕೂತಿದ್ದಾರೆ, ನಾಯಿ ಎದುರಿಗೆ ಕೂತು ನೋಡುತ್ತಿದೆ. ಅಳತೆ ತೆಗೆದುಕೊಳ್ಳೋಣ ಅಂತ ಟೇಪು ಹಿಡಿದೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಇದಕ್ಕೆ ಯಾವ ತುದಿಯಿಂದ ಗುರಿ ಇಡುತ್ತಾರೆ?”

ಅನಂತಪದ್ಮನಾಭ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

“ಗುರಿ ಬೇಡ, ಮಿಸ್ಟರ್ ಪಿಕೆಟ್” ಎಂದ. “ಅವರು ಬೀಳದ ಹಾಗಿದ್ದರೆ ಸಾಕು.”